ಸಿಸ್ಟರ್ ಸುಶೀಲಮ್ಮ ಕೊಂಡ ಛತ್ರದ ಮನೆ

ಕೋವಿಡ್ ತಗ್ಗಿದ ಮರುವರ್ಷದ ಮಾತು. ತಿ. ನರಸೀಪುರದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಆಫೀಸು ಇತ್ತು, ಈಗಲೂ ಇದೆ. ನಾನು ಸಿವಿಲ್ ಎಂಜಿನಿಯರ್. ಹಳೆಯ ಕಟ್ಟಡ ಕೊಳ್ಳುವವರಿಗೆ ಅದು ಗಟ್ಟಿ ಇದೆಯೇ ಎಂದು ಪರೀಕ್ಷಿಸಿ ವರದಿ ಬರೆದುಕೊಡುವುದು ಕೆಲಸ. ಅಂದರೆ, ಭಯಪಡುವುದಕ್ಕೇ ಜನ ನನಗೆ ಫೀಸು ಕೊಡುತ್ತಾರೆ. "ಹೆಣ್ಣು ನೋಡೋಕೆ ಬಂದಾಗ್ಲೂ ಇವರು ನಮ್ಮನೆ ಗೋಡೆ ಬಿರುಕನ್ನೇ ನೋಡ್ತಿದ್ರು" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಒಂದು ದಿನ ಸುಶೀಲಮ್ಮ ಬಂದರು. ಹುಲ್ಲಹಳ್ಳಿ ಸುತ್ತಮುತ್ತ ಮೂವತ್ತನಾಲ್ಕು ವರ್ಷ ಸರ್ಕಾರಿ ನರ್ಸ್ ಆಗಿದ್ದು ನಿವೃತ್ತರಾದವರು. ಸರ್ವೀಸೆಲ್ಲ ಕ್ವಾರ್ಟರ್ಸಿನಲ್ಲೇ ಕಳೆದವರು. ನಂಜನಗೂಡಿನಲ್ಲಿ ನದಿಯ ಕಡೆಗಿದ್ದ ಹಳೆಯ ಛತ್ರವೊಂದನ್ನು ಒಬ್ಬ ಬಿಲ್ಡರ್ ಕೊಂಡು, ಐದು ವರ್ಷ ಎಳೆದಾಡಿ, ಆರು ಫ್ಲ್ಯಾಟ್ ಮಾಡಿದ್ದ. ಕೆತ್ತನೆಯ ಕಂಬಗಳಿಗೆ ಪಾಲಿಶ್, ಕೆಂಪು ನೆಲಕ್ಕೆ ಹೊಳಪು. ಅದರಲ್ಲೊಂದು ಇವರಿಗೆ ಬೇಕಿತ್ತು.

ಹೋಗಿ ನೋಡಿದೆ. ಸೂರು ಮದ್ರಾಸ್ ಟೆರೇಸ್: ಸಾಲಾಗಿ ಮರದ ತೊಲೆ, ಅವುಗಳ ಮೇಲೆ ಒತ್ತಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಭಾರವೆಲ್ಲ ಗೋಡೆಯೊಳಗೆ ಹೂತ ತೊಲೆಯ ತುದಿಗಳ ಮೇಲೆ. ಗಾರೆಯ ಗೋಡೆ ನೀರು ಕುಡಿದರೂ ತಾನೇ ಆರಿಕೊಳ್ಳುತ್ತದೆ. ಬಿಲ್ಡರ್ ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿ, ಟೆರೇಸಿನ ಮೇಲೆ ನೀರಿನ ಟ್ಯಾಂಕ್ ಇಟ್ಟು, ಪೈಪನ್ನು ಗೋಡೆಯೊಳಗೇ ಇಳಿಸಿದ್ದ. ಜಿನುಗಿದ ನೀರಿಗೆ ಹೊರದಾರಿಯೇ ಇರಲಿಲ್ಲ. ಏಣಿ ಹತ್ತಿ ಹಜಾರದ ಹನ್ನೊಂದು ತೊಲೆಗಳ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿದೆ. ಎರಡರಲ್ಲಿ ಅದು ಹಿಡಿಯವರೆಗೂ ಇಳಿಯಿತು, ಮಾಗಿದ ಬಾಳೆಹಣ್ಣಿಗೆ ಇಳಿದ ಹಾಗೆ.

"ಸಿಸ್ಟರ್, ಈ ಮನೆ ಬೇಡ" ಎಂದೆ.

ಅವರು ಕಂಬವೊಂದನ್ನು ಸವರುತ್ತ ನಿಂತಿದ್ದರು. "ನಮ್ಮವ್ವ ಈ ಛತ್ರದ ಅಂಗಳ ಗುಡುಸ್ತಿದ್ಲು ಸಾ. ಒಳಗೆ ಎಂಗದೆ ಅಂತ ಸಾಯೋಗಂಟ ನೋಡ್ನಿಲ್ಲ." ಆಮೇಲೆ ನನ್ನತ್ತ ತಿರುಗಿ, "ನಿಮ್ದು ಯಾವೂರು?" ಎಂದರು.

"ಹದಿನಾರು."

"ಯಾರ ಪೈಕಿ?"

ಹೇಳಿದೆ. ನಮ್ಮದು ಜಮೀನಿದ್ದ ಮನೆತನ. ಅವರು ನಕ್ಕರು. "ಅಂಗಾದ್ರೆ ಬುಡಿ. ನಮ್ಗೆ ಬ್ಯಾಡ ಅನ್ನೋದು ನಿಮ್ಮೋರಿಗೆ ರೂಢಿ ಕಣ್ಸಾ."

ಅರ್ಧ ತಮಾಷೆಗೆ ಅಂದದ್ದು. ಆಳುಗಳಿಗೆ ಬೇರೆ ಲೋಟ ಇಟ್ಟಿದ್ದ ಮನೆಯಲ್ಲಿ ಬೆಳೆದವನು ನಾನು. ಜೀವನವಿಡೀ ಸೂರು ಬೀಳುತ್ತದೆಂದು ಹೆದರಿದವನಿಗೆ ಆ ಗಳಿಗೆಯಲ್ಲಿ ಜಾತಿವಾದಿ ಅನ್ನಿಸಿಕೊಳ್ಳುವ ಹೆದರಿಕೆಯೇ ದೊಡ್ಡದಾಯಿತು. ವರದಿಯಲ್ಲಿ "ಎರಡು ತೊಲೆಗಳ ತುದಿಯಲ್ಲಿ ತೇವಾಂಶದ ಪರಿಣಾಮ ಕಂಡುಬಂದಿದ್ದು, ಸೂಕ್ತ ದುರಸ್ತಿ ಕೈಗೊಳ್ಳತಕ್ಕದ್ದು" ಎಂದು ಬರೆದೆ. ಅದರ ಹಿಂದೆಮುಂದೆ ಸ್ವಿಚ್ ಬೋರ್ಡು, ಕಿಟಕಿಯ ಚಿಲಕ, ನಲ್ಲಿ ಎಂದು ನಾಲ್ಕು ಪುಟ ಆತಂಕ ತುಂಬಿಸಿದೆ.

"ನಿಮ್ಮಕ್ಕ ಆಗಿದ್ರೆ ತಕೋ ಅಂತಿದ್ರಾ ಸಾ?" ಎಂದು ಅವರು ಫೋನಿನಲ್ಲಿ ಕೇಳಿದರು.

"ರಿಪೇರಿ ಮಾಡಿಸ್ಕೊಂಡು ತಗೋಬಹುದು" ಎಂದೆ. ಅಕ್ಕನಾಗಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ.

ಬಿಲ್ಡರ್ ಮಾಡಿಸಿದ ರಿಪೇರಿಯೆಂದರೆ ತೊಲೆಯ ತುದಿಗೆ ಪುಟ್ಟಿ, ಮೇಲೊಂದು ಕೋಟು ಪಾಲಿಶ್. ನನ್ನನ್ನು ಯಾರೂ ಕರೆದು ತೋರಿಸಲಿಲ್ಲ, ನಾನೂ ಹೋಗಿ ಕೇಳಲಿಲ್ಲ. ಗೃಹಪ್ರವೇಶಕ್ಕೆ ಹೋದೆ. ಬುದ್ಧವಂದನೆ ಆಯಿತು, ಗೋಡೆಯ ಮೇಲೆ ತಾಯಿಯ ಫೋಟೊ. ಸುಶೀಲಮ್ಮ ನನ್ನನ್ನು ಹಜಾರದ ನಡುವೆ ಕೂರಿಸಿ ಪಾಯಸ ತಂದರು. ನಾನು ಕುರ್ಚಿಯನ್ನು ಮೆಲ್ಲಗೆ ಬಾಗಿಲ ಕಡೆಗೆ ಎಳೆದುಕೊಂಡೆ.

"ಯಾಕ್ಸಾ, ಅಲ್ಲಿಗೆ ಓಗ್ತೀರಿ?"

"ಫ್ಯಾನ್ ಗಾಳಿ ಆಗಲ್ಲ ಸಿಸ್ಟರ್."

ಎರಡನೆಯ ಮಳೆಗಾಲದ ಒಂದು ಮಧ್ಯಾಹ್ನ, ಅವರು ತರಕಾರಿಗೆಂದು ಹೋಗಿದ್ದಾಗ, ಆ ತೊಲೆಗಳು ಕಳಚಿ ಹಜಾರದ ಸೂರು ಟ್ಯಾಂಕಿನ ಸಮೇತ ಕುಸಿಯಿತು. ಕಟ್ಟಡಕ್ಕೆ ಸೀಲ್ ಬಿತ್ತು. ಪೂರ್ತಿ ಕೆಡವಬೇಕೆಂದು ತೀರ್ಮಾನವಾಯಿತು. ಬಿಲ್ಡರ್ ನನ್ನ ವರದಿಯನ್ನೇ ಹಿಡಿದುಕೊಂಡು, "ದುರಸ್ತಿ ಮಾಡ್ಸಿ ಅಂದಿದ್ರು, ಮಾಡ್ಸಿದೀನಿ" ಎಂದ. "ಬರೆದಿದ್ದೆನಲ್ಲ" ಎಂದು ನಾನೂ ಹೇಳಬಹುದಿತ್ತು. ವರದಿಯ ಆ ಒಂದು ವಾಕ್ಯ ಅವನನ್ನೂ ಕಾಪಾಡಿತು, ನನ್ನನ್ನೂ ಕಾಪಾಡಿತು.

ಹುಲ್ಲಹಳ್ಳಿಯಲ್ಲಿ ಅವರು ಹಿಡಿದಿದ್ದ ಬಾಡಿಗೆ ರೂಮಿಗೆ ಹೋದೆ. ಟೀ ಕೊಟ್ಟರು. ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿದ್ದಾಗ ಅವರೇ ಶುರು ಮಾಡಿದರು.

"ಆಪರೇಸನ್ ಬ್ಯಾಡ ಅಂತ ಅಳ್ತಾ ಬರೋರ್ನ ನಾನು ಬೈದು ಮೈಸೂರಿಗೆ ಕಳುಸ್ತಿದ್ದೆ ಸಾ. ನೀನ್ಯಾವ ಜಾತಿಯೋಳು ನಂಗೇಳಕೆ ಅಂದೋರೂ ಅವ್ರೆ. ಅಂದ್ರೂ ಬುಡ್ನಿಲ್ಲ. ಜೀವ ಮುಖ್ಯ ಅಲ್ವಾ? ನೀವೂ ನನ್ನ ಬೈಬೇಕಿತ್ತು. ನಿಮ್ಮಕ್ಕ ಆಗಿದ್ರೆ ಬೈತಿದ್ರಿ. ನಂಗೆ ಮರ್ವಾದೆ ಕೊಟ್ಬುಟ್ರಿ."

ಟೀ ಕುಡಿದು, ಲೋಟವನ್ನು ನಾನೇ ತೊಳೆದಿಟ್ಟೆ.

ಈಗ ನನ್ನ ವರದಿಯ ಮೊದಲ ಸಾಲು "ಕೊಳ್ಳಬಹುದು" ಅಥವಾ "ಕೊಳ್ಳಬೇಡಿ". ವಿವರವೆಲ್ಲ ಆಮೇಲೆ. ಸಿಟ್ಟಾದವರು ಬೈಯುತ್ತಾರೆ, ಬೈಸಿಕೊಳ್ಳುವುದೂ ಫೀಸಿನಲ್ಲಿ ಸೇರಿದೆ ಎಂದುಕೊಂಡಿದ್ದೇನೆ. ಎದುರಿಗಿರುವವರು ನಮ್ಮನ್ನು ಏನೆಂದುಕೊಂಡಾರು ಎಂದು ಲೆಕ್ಕ ಹಾಕುತ್ತ ಬರೆದ ವರದಿ ಅವರಿಗಾಗಿ ಬರೆದದ್ದಲ್ಲ, ನಮಗಾಗಿ ಬರೆದುಕೊಂಡದ್ದು. ಇದನ್ನು ಕಲಿತವನು ನಾನು. ಮನೆ ಕಳೆದುಕೊಂಡವರು ಸುಶೀಲಮ್ಮ.