ಬಟ್ಟೆ ಒಗೆಯುವ ಟಬ್ಬು ಮತ್ತು ಹುಸ್ತೀನೊನ ರೆಗ್ಯುಲೇಟರ್

ನನ್ನ ಗಂಡ ಹುಸ್ತೀನೊ ನಮ್ಮ ಕಡಲೂರು ಅನಿಲಾವ್‌ನಲ್ಲಿ ಪ್ರವಾಸಿಗರನ್ನು ಕಡಲೊಳಗೆ ಕರೆದೊಯ್ದು ಮೀನು ತೋರಿಸುತ್ತಿದ್ದ. ಅವನ ಹೆಸರು ಎತ್ತಿದರೆ ನನಗೆ ಮೊದಲು ನೆನಪಾಗುವುದು ನನ್ನ ಬಟ್ಟೆ ಒಗೆಯುವ ಟಬ್ಬು. ಬೇಕೆಂದಾಗ ಅದು ಎಂದೂ ನನ್ನ ಕೈಗೆ ಸಿಗುತ್ತಿರಲಿಲ್ಲ. ಬೆನ್ನಿನ ಗಾಳಿ ಸಿಲಿಂಡರಿನಿಂದ ಬಾಯಿಗೆ ಉಸಿರು ತರುವ ರೆಗ್ಯುಲೇಟರ್ ತನ್ನ ಕೊಳವೆಗಳ ಸಮೇತ ಅದರೊಳಗೆ ಮಲಗಿರುತ್ತಿತ್ತು.

ಕಡಲಿಂದ ಬಂದವನೇ ಉಪ್ಪು ಬಿಡಲೆಂದು ನೆನೆಸುತ್ತಿದ್ದ. ಹೋಗುವ ಮುಂಚೆ ಸಿಲಿಂಡರಿಗೆ ಜೋಡಿಸಿ, ಗಾಳಿ ಬಿಟ್ಟು, ಮತ್ತೆ ಅದೇ ಟಬ್ಬಿಗೆ ಅದ್ದಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಕೊಳವೆಗೆ ಕಿವಿ ಹಚ್ಚುತ್ತಿದ್ದ. ಆಗ ನಾನು ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಹುಂಜ ಕೂಗಿದರೆ ಅದಕ್ಕೂ ಬೈಗುಳ. ತನ್ನ ಎದೆಯ ನೋವು ಮಾತ್ರ ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನನಗೆ ಹೇಳಲಿಲ್ಲ.

ಕೊನೆಯ ದಿನ ಬಂದವನು ರೆಗ್ಯುಲೇಟರನ್ನು ನೆನೆಸದೆ ಮೊಳೆಗೆ ತೂಗುಹಾಕಿ ಮಲಗಿದ. ಆಗಲೇ ನನಗೆ ತಿಳಿಯಬೇಕಿತ್ತು. ಅವನು ಏಳಲಿಲ್ಲ.

ನಲವತ್ತನೇ ದಿನದ ಪ್ರಾರ್ಥನೆ ಮುಗಿಯುವ ತನಕ ಸತ್ತವನ ಸಾಮಾನು ಮುಟ್ಟಬೇಡ ಅಂದರು ಅತ್ತೆ. ಉಪ್ಪಾದರೂ ತೊಳೆದಿಡುತ್ತೇನೆ ಅಂದೆ. ಕದಲಿಸಿದರೆ ಅವನ ಆತ್ಮ ದಾರಿ ತಪ್ಪುತ್ತದಂತೆ. ಇದ್ದಾಗಲೇ ದಾರಿಗೆ ಬಾರದವನು ಅಂತ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ರೆಗ್ಯುಲೇಟರ್ ಮೊಳೆಯಲ್ಲೇ ಒಣಗಿತು.

ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಮೈದುನ ತೆರ್ಯೊ ಬಂದ. ಅವನದೂ ಅದೇ ಕೆಲಸ. ಗಾಡಿಯಲ್ಲಿ ತುಂಬಿದ ಸಿಲಿಂಡರು, ದಡದಲ್ಲಿ ಕಾಯುವ ದೋಣಿ. ಇನ್ನು ಅಣ್ಣನದೇ ನನಗಿರಲಿ ಅಂತ ರೆಗ್ಯುಲೇಟರನ್ನು ಮೊಳೆಯಿಂದ ತೆಗೆದ. ಸಿಲಿಂಡರಿಗೆ ಕೂರುವ ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ, ಬಾಯಿಗಿಟ್ಟು ಒಂದು ಸಲ ಉಸಿರೆಳೆದ. ಹೊರಗಿನ ಗಾಳಿ ಒಳಗೆ ಬರಲಿಲ್ಲ, ಹಾಗಾದರೆ ಸೋರುವುದಿಲ್ಲ ಅಂದ. ಮುಗಿಯಿತು ಅವನ ಪರೀಕ್ಷೆ.

ನಾನು ಬಾಗಿಲಿಗೆ ಅಡ್ಡ ನಿಂತೆ. ಗಾಳಿ ತುಂಬಿ ನೀರಲ್ಲಿ ಅದ್ದಿ ನೋಡು ಅಂದೆ.

“ಅತ್ತಿಗೆ, ಇಷ್ಟು ದಿನ ಇದನ್ನ ಯಾರೂ ಮುಟ್ಟೇ ಇಲ್ಲ. ಮುಟ್ಟದೆ ಇದ್ದದ್ದು ಹೇಗೆ ಕೆಡುತ್ತೆ?”

“ಒಣಮೀನೂ ಯಾರೂ ಮುಟ್ಟದೆ ತೂಗುಬಿದ್ದೇ ಸೆಟೆದುಕೊಳ್ಳೋದು. ಒಳಗಿನ ರಬ್ಬರೂ ಅಷ್ಟೆ. ಅದ್ದು.”

ಟಬ್ಬಿನಲ್ಲಿ ನನ್ನ ಕಪ್ಪು ಬಟ್ಟೆಗಳು ಸಾಬೂನು ನೀರಲ್ಲಿದ್ದವು. ತೆಗೆದು ಕಲ್ಲಿನ ಮೇಲೆ ಹಾಕಿದೆ. ಅವನು ಗೊಣಗುತ್ತ ಸಿಲಿಂಡರಿಗೆ ಜೋಡಿಸಿ, ಗಾಳಿ ಬಿಟ್ಟು ಅದ್ದಿದ. ಕೊಳವೆಯ ಬುಡದಿಂದ ಗುಳ್ಳೆ ಎದ್ದವು. ಅದು ನಿಮ್ಮ ಸಾಬೂನಿನ ನೊರೆ ಅಂದ. ಆ ನೀರು ಚೆಲ್ಲಿ ಬೇರೆ ತುಂಬಿದೆ. ಮತ್ತೆ ಅದ್ದಿದ. ಗುಳ್ಳೆ ಒಂದರ ಹಿಂದೊಂದು ಬಂದವು, ನಿಲ್ಲಲೇ ಇಲ್ಲ.

“ಸಣ್ಣದು ಅತ್ತಿಗೆ. ಇಷ್ಟಕ್ಕೆಲ್ಲ ಯಾರೂ ಸಾಯಲ್ಲ.”

“ಸತ್ತರೆ ನಿನಗೇನು, ಮಲಗಿಬಿಡ್ತೀಯ. ಇನ್ನೊಂದು ಸಲ ಊರಿಗೆಲ್ಲ ಪ್ರಾರ್ಥನೆಯ ಊಟ ಬೇಯಿಸೋ ಶಕ್ತಿ ನನಗಿಲ್ಲ.”

ಅವನು ಸಿಲಿಂಡರು ಮುಚ್ಚಿ ರೆಗ್ಯುಲೇಟರ್ ಬಿಚ್ಚಿ ನನ್ನ ಕೈಗಿತ್ತ. ಗೆಳೆಯನದೊಂದು ದೋಣಿಯಲ್ಲಿದೆ, ಅದನ್ನು ಹಾಕಿಕೊಳ್ಳುತ್ತೇನೆ ಅಂದ. ಅದನ್ನೂ ಅದ್ದಿ ನೋಡು ಅಂದೆ. ನೀವು ಅಣ್ಣನಿಗಿಂತ ಕಡೆ ಅಂತ ಬೈದುಕೊಂಡೇ ಹೋದ.

ರೆಗ್ಯುಲೇಟರಿಗೆ ಮುಚ್ಚಳ ಬಿಗಿದು, ಉಪ್ಪು ಬಿಡಲಿ ಅಂತ ಮತ್ತೆ ಟಬ್ಬಿನ ನೀರಿಗೆ ಬಿಟ್ಟೆ. ನನ್ನ ಬಟ್ಟೆ ಕಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಸತ್ತ ಮೇಲೂ ಟಬ್ಬು ಬಿಟ್ಟುಕೊಡಲಿಲ್ಲ, ಪುಣ್ಯಾತ್ಮ.