ಲೀಟರಕ್ಕನ ಮನೆಯ ಜಗ್ಗು

ಮಕ್ಕಳ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ಕರೆಯುವುದು ಲೀಟರಕ್ಕ ಎಂದೇ. ಭೇದಿ ಹಿಡಿದ ಮಕ್ಕಳ ತಾಯಂದಿರಿಗೆ ಇಪ್ಪತ್ತೆರಡು ವರ್ಷದಿಂದ ಆಕೆ ಹೇಳುತ್ತ ಬಂದದ್ದು ಒಂದೇ ಮಾತು. "ಒಂದು ಪ್ಯಾಕೆಟ್ ಓಆರ್‌ಎಸ್ ಪುಡಿ, ಒಂದು ಲೀಟರ್ ನೀರು. ಲೋಟಕ್ಕಲ್ಲ, ಹಾಲಿನ ಬಾಟಲಿಗಲ್ಲ, ಲೀಟರಿಗೆ!"

ತಾಯಂದಿರು ತಲೆಯಾಡಿಸುತ್ತಾರೆ. ಆಮೇಲೆ ಮೆಲ್ಲಗೆ, "ಸ್ವಲ್ಪ ಗಟ್ಟಿಯಾಗಿದ್ರೆ ಬೇಗ ವಾಸಿಯಾಗುತ್ತೆ ಅಲ್ವಾ ಸಿಸ್ಟರ್?"

ತಲೆ ಚಚ್ಚಿಕೊಳ್ಳುವಂತಾಗುತ್ತದೆ ಆಕೆಗೆ. ಆದರೂ ಮತ್ತೆ ಮೊದಲಿಂದ ಶುರು. ಕರುಳಿನ ಒಂದೊಂದು ಜೀವಕೋಶಕ್ಕೂ ತೆಳ್ಳನೆಯ ಪೊರೆಯೊಂದು ಸುತ್ತಿಕೊಂಡಿದೆ, ಅದು ಹಟಮಾರಿ ಕಾವಲುಗಾರ. ಭೇದಿಯಲ್ಲಿ ಉಪ್ಪು ಒಂಟಿಯಾಗಿ ಬಂದರೆ ಮುಖ ತಿರುಗಿಸುತ್ತದೆ. ಸಕ್ಕರೆಯ ಕೈ ಹಿಡಿದು ಬಂದರೆ ಬಾಗಿಲು ತೆಗೆಯುತ್ತದೆ, ಅವರ ಬೆನ್ನಿಗೇ ನೀರೂ ಒಳಗೆ. ಪುಡಿ ಹೆಚ್ಚಾಯಿತೋ, ಎಲ್ಲ ಉಲ್ಟಾ. ಪೊರೆಯಾಚೆ ಉಪ್ಪು-ಸಕ್ಕರೆ ಜಾಸ್ತಿಯಾಗಿ, ಒಳಗಿದ್ದ ನೀರೇ ಹೊರಗೆ ಓಡುತ್ತದೆ. ಮಗು ಕುಡಿದಷ್ಟೂ ಒಣಗುತ್ತದೆ.

ಅಂಥ ಒಣಗಿದ ಮಗುವೊಂದು ಆ ದಿನ ಬೆಳಗ್ಗೆ ಬಂತು. ಲೀಟರಕ್ಕನದೇ ಮೊಮ್ಮಗಳು, ಎಂಟು ತಿಂಗಳ ಕೂಸು.

"ಅಮ್ಮಾ, ನಿನ್ನೆಯಿಂದ ಕುಡಿಸ್ತಾನೇ ಇದ್ದೀನಿ, ನಿಲ್ತಾನೇ ಇಲ್ಲ," ಮಗಳು ಅಳುತ್ತಿದ್ದಳು. ಕೂಸಿನ ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಲೀಟರಕ್ಕ ಕೂಸನ್ನು ಮಡಿಲಿಗೆಳೆದುಕೊಂಡಳು.

"ಎಷ್ಟಕ್ಕೆ ಕಲಸಿದ್ದೆ?"

"ಲೀಟರಿಗೇ!"

"ಸುಳ್ಳು ಬೊಗಳಬೇಡ."

"ಜೋಗುಳದ ಬದಲು ಅದನ್ನೇ ಕೇಳಿ ಬೆಳೆದವಳು ನಾನು. ನಂಗೆ ಗೊತ್ತಿಲ್ವಾ?"

ಮಗಳು ಚೀಲದಿಂದ ಸ್ಟೀಲ್ ಜಗ್ಗು ತೆಗೆದಳು. ತಳದಲ್ಲಿ ಇನ್ನೂ ನಾಲ್ಕು ಗುಟುಕು ಇತ್ತು. ಲೀಟರಕ್ಕ ಬೆರಳದ್ದಿ ನಾಲಿಗೆಗಿಟ್ಟಳು. ಕಣ್ಣೀರಿಗಿಂತ ಉಪ್ಪು. ಜಗ್ಗು ತೊಳೆದು, ಕಂಠದವರೆಗೆ ನಲ್ಲಿನೀರು ತುಂಬಿ, ವಾರ್ಡಿನ ಅಳತೆಪಾತ್ರೆಗೆ ಸುರಿದಳು. ನೀರು ಆರುನೂರರ ಗೆರೆಗೇ ನಿಂತಿತು.

"ಇದನ್ನ ಲೀಟರ್ ಅಂತ ನಿಂಗೆ ಹೇಳಿದ ಪುಣ್ಯಾತ್ಮರು ಯಾರು?"

ಮಗಳು ಕಣ್ಣೊರೆಸಿಕೊಂಡಳು. "ಹೊಸದಾಗಿ ಮನೆ ಹೂಡಿದಾಗ ನೀನೇ ಕೊಟ್ಟಿದ್ದಲ್ವಾ? 'ಲೀಟರ್ ಜಗ್ಗು, ಇಟ್ಕೋ' ಅಂತ."

ಹೌದು. ತನ್ನ ಮದುವೆಯಾದಾಗಿನಿಂದ ಮನೆಯಲ್ಲಿದ್ದ ಜಗ್ಗು. ಹಾಗೆ ಕರೆದವಳೂ ಅವಳೇ, ಒಮ್ಮೆಯೂ ಅಳೆಯದವಳೂ ಅವಳೇ. ಬೈದದ್ದು ಮಾತ್ರ ಊರ ತಾಯಂದಿರನ್ನೆಲ್ಲ.

ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಉಪ್ಪು ಏರಿದೆ, ಆದ್ರೆ ಕೈ ಮೀರಿಲ್ಲ. ಸರಿಯಾಗಿ ಕಲಸಿ ಚಮಚ ಚಮಚವಾಗಿ ಕೊಡಿ. ಅವಸರ ಬೇಡ, ನೀರು ಒಮ್ಮೆಲೇ ನುಗ್ಗಿದ್ರೆ ಮಿದುಳಿನ ಕೋಶಗಳು ಊದ್ತವೆ," ಎಂದರು. ಅವಸರ ಬೇಡವಂತೆ! ಲೀಟರಕ್ಕ ಹಲ್ಲು ಕಚ್ಚಿಕೊಂಡು ನಿಮಿಷಕ್ಕೊಂದು ಚಮಚ ಹಾಕುತ್ತ ಕೂತಳು. ಕೂಸು ಚಮಚವನ್ನೇ ಕಚ್ಚಿ ಎಳೆಯುತ್ತಿತ್ತು. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು? ಜಗ್ಗಿನ ಮೇಲೋ?

ನಾಲ್ಕು ಗಂಟೆಗೆ ಕೂಸು ಅಜ್ಜಿಯ ಯೂನಿಫಾರ್ಮನ್ನು ಬೆಚ್ಚಗೆ ಒದ್ದೆ ಮಾಡಿತು. ಬೆಳಗಿಂದ ಮೊದಲ ಉಚ್ಚೆ.

"ಅಯ್ಯೋ ಅಮ್ಮಾ, ಸೀರೆ ತರ್ಲಾ?"

"ಸುಮ್ನಿರು. ಇರಲಿ ಬಿಡು."

ಅಷ್ಟರಲ್ಲಿ ಪಕ್ಕದ ಮಂಚದ ಹೊಸ ತಾಯಿ ಕೈಯಲ್ಲಿ ಪ್ಯಾಕೆಟ್ ಹಿಡಿದು ಕೇಳಿದಳು, "ಸಿಸ್ಟರ್, ಲೀಟರ್ ಅಂದ್ರೆ ಎಷ್ಟು?"

ಲೀಟರಕ್ಕನ ನಾಲಿಗೆ ತುದಿಗೆ ಹಳೆಯ ಬೈಗುಳ ಬಂದೇ ಬಿಟ್ಟಿತ್ತು. ನುಂಗಿಕೊಂಡಳು.

"ನಿಮ್ಮನೆ ಪಾತ್ರೆ ತರಿಸಮ್ಮ. ನಾನೇ ಅಳೆದು ಗೆರೆ ಹಾಕಿಕೊಡ್ತೀನಿ."