ಬೈಂಡರ್ ಮನೆಯ ಫೋನು

ಬೈಂಡರ್ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮನೆಯಲ್ಲೇ ತೀರಿಕೊಂಡ. ವಯಸ್ಸು ಐವತ್ತೊಂದು. ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಕೊನೆಗೆ ಹೃದಯವೂ ಸೋತಿತು. ಆ ಹೊತ್ತಿನಲ್ಲಿ ಜೊತೆಗಿದ್ದವಳು ಅಕ್ಕ ಒಬ್ಬಳೇ. ಇಲ್ಲಿ ಬರೆದಿರುವುದರಲ್ಲಿ ಅವಳು ಮುಚ್ಚಿಡಬಹುದಾಗಿದ್ದ ಸಂಗತಿಯೊಂದಿದೆ. ಬರೆಯಲೇಬೇಕು ಎಂದವಳೂ ಅವಳೇ. "ಬರೀರಿ. ಇನ್ಯಾರ ಮನೇಲೋ ಇವತ್ತೂ ಫೋನು ಬಡ್ಕೊಳ್ತಾ ಇರುತ್ತೆ" ಎಂದಳು.

ಅವರ ಮನೆಯೆಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಕಬ್ಬಿಣದ ಒತ್ತುಯಂತ್ರ, ಅಂಟಿನ ಡಬ್ಬಿ, ಮೇಣ ಸವರಿದ ದಾರದ ಉಂಡೆಗಳು, ಕಿಟಕಿಯ ಎತ್ತರಕ್ಕೆ ರಟ್ಟಿನ ರಾಶಿ. ಗ್ರಂಥಾಲಯಗಳ ಹರಿದ ಪುಸ್ತಕಗಳು ಇಲ್ಲಿಗೆ ಬಂದು ಹೊಸ ಬೆನ್ನು ಕಟ್ಟಿಸಿಕೊಂಡು ಹೋಗುತ್ತಿದ್ದವು. "ಒಳಗೇನು ಬರ್ದಿದಾರೋ ಅದು ಅವರವರ ಹಣೆಬರಹ. ಬೆನ್ನು ಮಾತ್ರ ನನ್ನ ಜವಾಬ್ದಾರಿ" ಎನ್ನುತ್ತಿದ್ದ. ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದ ಮೇಲೆ ಆ ಕೈಯಿಂದ ಭಾರ ಎತ್ತುವಂತಿರಲಿಲ್ಲ. ಬಲಗೈಯೊಂದರಲ್ಲೇ ಒತ್ತುಯಂತ್ರ ತಿರುಗಿಸುವುದನ್ನು ಕಲಿತ. ಹೊಲಿದ ಜಾಗದ ಮೇಲೆ ಬೆರಳಿಟ್ಟರೆ ಚರ್ಮದೊಳಗೆ ಜೇನ್ನೊಣ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟುತ್ತಿತ್ತು. ನೋಡಲು ಬಂದವರ ಬೆರಳು ಹಿಡಿದು ಅಲ್ಲಿಡುತ್ತಿದ್ದ. "ನೋಡಿ, ನನ್ನ ಫೋನು. ವೈಬ್ರೇಟಲ್ಲಿ ಇಟ್ಟಿದೀನಿ."

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಸಿನಿಮಾ ಮಂದಿರದ ಟಿಕೆಟ್ ಕಿಂಡಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವಳು. ಟಿಕೆಟ್ ಮುಗಿದ ಮೇಲೂ ಕಿಂಡಿಯೊಳಗೆ ಕೈ ತೂರಿಸುವ ಗಂಡಸರನ್ನು ಬರೀ ಬಾಯಿಂದಲೇ ಬೀದಿಗೆ ತಳ್ಳುತ್ತಿದ್ದಳು. ಮಂದಿರ ಮುಚ್ಚಿದ ವರ್ಷವೇ ತಮ್ಮನ ಕಾಯಿಲೆ ಗೊತ್ತಾಯಿತು. ಒಂದು ಟ್ರಂಕು ಹೊತ್ತು ಬಂದು ಇಲ್ಲೇ ನಿಂತಳು. ತನ್ನ ಕಿಡ್ನಿ ಕೊಡುತ್ತೇನೆಂದು ಆಸ್ಪತ್ರೆಗೆ ಹೋದರೆ, ಸಕ್ಕರೆ ಕಾಯಿಲೆಯಿದೆ, ಆಗದು ಎಂದರು. "ನಂದು ಚಲಾವಣೆಯಿಲ್ಲದ ನೋಟಂತೆ ಕಣೋ" ಎಂದು ನಗುತ್ತಾ ಬಂದವಳು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದದ್ದು ಆಸ್ಪತ್ರೆಯ ಪಟ್ಟಿ. ಸತ್ತವರ ಮನೆಯವರು ದಾನ ಕೊಟ್ಟ ಕಿಡ್ನಿ ಹೊಂದಿದರೆ ಫೋನ್ ಮಾಡುತ್ತಾರೆ. ಯಾವ ನಂಬರಿನಿಂದ ಬರುತ್ತದೆಂದು ಹೇಳಲಾಗದು. ಮೂರು ಸಲ ಮಾಡುತ್ತಾರೆ. ಸಿಗದಿದ್ದರೆ ಮುಂದಿನ ಹೆಸರಿಗೆ ಹೋಗುತ್ತಾರೆ, ಕಿಡ್ನಿ ಕಾಯುವ ವಸ್ತುವಲ್ಲ. ಫಾರಂನಲ್ಲಿ ಬೈಂಡರ್ ಬರೆದದ್ದು ಮನೆಯ ಗೋಡೆಯ ಫೋನಿನ ನಂಬರು. ಮೊಬೈಲು ಸದಾ ಯಾವುದೋ ರಟ್ಟಿನಡಿ ಹೂತುಹೋಗಿರುತ್ತಿತ್ತು. ಗೋಡೆಯದಾದರೆ ಎಲ್ಲಿಗೆ ಓಡೀತು ಎಂಬುದು ಅವನ ಲೆಕ್ಕ.

ಆ ಫೋನಿಗೆ ದಿನಕ್ಕೆ ಹದಿನೈದು ಇಪ್ಪತ್ತು ಕರೆ. ಸಾಲ ಬೇಕಾ, ಸೈಟು ಬೇಕಾ, ನಿಮ್ಮ ಕಾರ್ಡು ಬಂದ್ ಆಗಿದೆ, ನಿಮ್ಮ ಹೆಸರಿಗೆ ಪಾರ್ಸೆಲ್ಲಿನಲ್ಲಿ ಗಾಂಜಾ ಬಂದಿದೆ. ಬೇರೆಯವರಾದರೆ ತಂತಿ ಕಿತ್ತೆಸೆಯುತ್ತಿದ್ದರು. ಇವರು ಒಂದನ್ನೂ ಬಿಡದೆ ಎತ್ತಬೇಕಿತ್ತು. ಪ್ರತಿ ಟ್ರಿಣ್‌ಗೂ ಇಬ್ಬರ ಮುಖವೂ ಅತ್ತ ತಿರುಗುತ್ತಿತ್ತು.

ಒಂದು ದಿನ ಮಾತಾಡಿದವನು ಆಸ್ಪತ್ರೆಯವನೆಂದ. ತಮ್ಮನ ಹೆಸರು ಪಟ್ಟಿಯಲ್ಲಿ ಮೇಲಕ್ಕೆ ಬಂದಿದೆ, ಇವತ್ತೇ ಶುಲ್ಕ ಕಟ್ಟದಿದ್ದರೆ ಕೆಳಗಿಳಿಯುತ್ತದೆ ಎಂದ. ನೋಂದಣಿ ನಂಬರು ಕೇಳಿದ, ಅಕ್ಕ ಹೇಳಿದಳು. ಅವನು ಹೇಳಿದ ಕಡೆಗೆ ಬಳೆ ಮಾರಿ ದುಡ್ಡು ಕಳಿಸಿದಳು. ಆಮೇಲೆ ಅವನೂ ಇಲ್ಲ, ದುಡ್ಡೂ ಇಲ್ಲ. ಎರಡು ದಿನ ಅವಳು ತಮ್ಮನ ಮುಖ ನೋಡಿ ಮಾತಾಡಲಿಲ್ಲ.

ಬೈಂಡರ್ ಬೈಯಲಿಲ್ಲ. ಒಂದು ರಟ್ಟು ಕತ್ತರಿಸಿ, ಅಂಚಿಗೆ ಕೆಂಪು ಬಟ್ಟೆ ಕಟ್ಟಿ, ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಮೊಳೆಗೆ ತೂಗುಹಾಕಿದ. ‘ನಂಬರು ಹೇಳಬೇಡ. ಆತುರ ಮಾಡಿದರೆ ಇಟ್ಟುಬಿಡು. ಆಸ್ಪತ್ರೆ ಅಂದರೆ ನನ್ನನ್ನು ಕರೆ.’

ಅವಳು ಕರೆದಳು. ಆದರೆ ಆಸ್ಪತ್ರೆಯೆಂಬ ಹೆಸರು ಹೇಳಿಕೊಂಡು ಮಾತಾಡುವವರು ಎಷ್ಟು ಮಂದಿ! ಒಂದೇ ವಾರದಲ್ಲಿ ಐದು ಸಲ ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದಳು. ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ ರಾತ್ರಿ ಕಾಲು ಸೆಳೆತ, ನಿದ್ದೆಯೆಂದರೆ ಹಗಲಿನದೇ. ಐದು ಸಲವೂ ಗೋಡೆ ಹಿಡಿದು ಬಂದ, ರಿಸೀವರ್ ಕಿವಿಗಿಟ್ಟ. "ಸರ್, ಆಸ್ಪತ್ರೆಯಿಂದ ಮಾತಾಡ್ತಿರೋದು. ಫುಲ್ ಬಾಡಿ ಚೆಕಪ್ಪು, ಅರ್ಧ ರೇಟು, ಮನೆಯವರಿಗೆಲ್ಲ ಸೇರಿ!" ಐದನೆಯ ಸಲ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಇನ್ನು ನನ್ನ ಎಬ್ಬಿಸಬೇಡ ಅಕ್ಕ. ನೀನೇ ಉಗಿದು ಇಟ್ಬಿಡು."

ಈ ಮಾತು ಅವನದೇ. ಕೊನೆಯವರೆಗೂ ಅವನು ಅದನ್ನು ಮರೆಯಲಿಲ್ಲ.

ಮುಂದಿನ ಮಂಗಳವಾರ ಮಧ್ಯಾಹ್ನ ಅವನು ಮಲಗಿದ್ದಾಗ ಫೋನ್ ಬಂತು. ಹೆಂಗಸಿನ ಧ್ವನಿ, ಏದುಸಿರು. ಹಿಂದೆ ಯಾರೋ ಓಡಾಡುವ ಸದ್ದು.

"ಅಮ್ಮಾ, ಆಸ್ಪತ್ರೆಯಿಂದ. ಪೇಷಂಟ್ ಇದಾರಾ? ಈಗಲೇ ಹೊರಡಿಸಿ. ಏನೂ ತಿನ್ನಬಾರದು, ನೀರೂ ಕುಡೀಬಾರದು. ನೋಂದಣಿ ನಂಬರ್ ಒಂದ್ಸಲ ಹೇಳಿ."

"ಬಂದ್ಯಾ ತಾಯಿ? ಹೋದ್ಸಲ ನಿಮ್ಮಣ್ಣ ಬಂದಿದ್ದ, ಬಳೆ ತಗೊಂಡು ಹೋದ. ನಿನಗೇನು ಬೇಕು, ಕಿವಿಯೋಲೆನಾ?"

"ಅಮ್ಮಾ, ತಮಾಷೆ ಮಾಡೋ ಟೈಮಲ್ಲ, ತುಂಬಾ ಅರ್ಜೆಂಟಿದೆ..."

"ನಿಮಗೆ ಯಾವತ್ತು ಅರ್ಜೆಂಟಿಲ್ಲ ಹೇಳು? ಕಾಯಿಲೆ ಮನುಷ್ಯನ ಹೆಸರಲ್ಲಿ ಉಣ್ತೀರಲ್ಲ, ಗಂಟಲಲ್ಲಿ ಇಳಿಯುತ್ತಾ?"

ಇಟ್ಟಳು. ಮತ್ತೆ ಬಂತು. "ಈ ಕಿಂಡಿ ಮುಚ್ಚಿದೆ, ಪಕ್ಕದ ಟಾಕೀಸಿಗೆ ಹೋಗಮ್ಮ" ಎಂದು ಮತ್ತೆ ಇಟ್ಟಳು. ಮೂರನೆಯ ಸಲ ಬಂದಾಗ, ತಮ್ಮ ಮಗ್ಗುಲು ಬದಲಿಸಿದ್ದು ಕಂಡು, ರಿಸೀವರ್ ಎತ್ತಿ ಕಿವಿಗಿಡದೆಯೇ ಎರಡು ದಿಂಬುಗಳ ನಡುವೆ ಮಲಗಿಸಿದಳು. ಅವನು ಎದ್ದಾಗ ಹುರುಪಿನಿಂದ ಎಲ್ಲ ಹೇಳಿದಳು. ಪಕ್ಕದ ಟಾಕೀಸಿನ ಮಾತು ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ.

ಬುಧವಾರ ಡಯಾಲಿಸಿಸ್‌ನ ದಿನ. ಸೂಜಿ ಚುಚ್ಚಿ, ಯಂತ್ರ ಶುರು ಮಾಡಿ ನರ್ಸು ಕೇಳಿದಳು, "ಏನ್ ಸರ್, ನಿನ್ನೆ ಬರಲೇ ಇಲ್ಲ? ಮೂರು ಸಲ ಫೋನ್ ಮಾಡಿದ್ರಂತೆ. ನಿಮ್ಮ ಹೆಸರೇ ಮೊದಲಿತ್ತು. ಆಮೇಲೆ ಎರಡನೆಯವರನ್ನ ಕರೆಸಿದ್ರು."

ಯಂತ್ರ ತಿರುಗುತ್ತಿತ್ತು. ಕೊಳವೆಯಲ್ಲಿ ಅವನ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಜೊತೆಗೆ ಹೋಗಿದ್ದ, ಪ್ರೂಫ್ ತಿದ್ದುವ ಗೆಳೆಯನ ಕೈಯಲ್ಲಿ ಪೆನ್ಸಿಲ್ ನಿಂತಿತು.

"ಜ್ವರ ಇತ್ತು ಸಿಸ್ಟರ್. ನಾನೇ ಎತ್ತಲಿಲ್ಲ" ಎಂದ ಬೈಂಡರ್.

ನರ್ಸು ಹೋದ ಮೇಲೆ ಗೆಳೆಯನ ಕಡೆ ತಿರುಗಿದ. "ನೀನೇನೂ ಕೇಳಿಸ್ಕೊಂಡಿಲ್ಲ."

"ಆದರೆ..."

"ಆದರೆ ಗೀದರೆ ಇಲ್ಲ. ಎಬ್ಬಿಸಬೇಡ ಅಂದವನು ನಾನು. ಅಕ್ಕನಿಗೆ ಗೊತ್ತಾದ್ರೆ ನನಗಿಂತ ಮುಂಚೆ ಅವಳು ಹೊರಡ್ತಾಳೆ. ಆಮೇಲೆ ನನಗೆ ಗಂಜಿ ಯಾರು ಮಾಡ್ತಾರೆ, ನೀನಾ? ನಿನಗೆ ನೀರು ಕಾಯ್ಸೋಕೂ ಬರಲ್ಲ." ಹೇಳುತ್ತಾ ಬಲಗೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡ. ನಾಲ್ಕು ಗಂಟೆ ಹಾಗೆಯೇ ಮಲಗಿದ್ದ.

ಎರಡು ವಾರದಲ್ಲಿ ಕೈಯ ಹೊಲಿಗೆಗೆ ಸೋಂಕು ತಗುಲಿತು. ಅದು ವಾಸಿಯಾಗುವವರೆಗೆ ಅವನ ಹೆಸರನ್ನು ಪಟ್ಟಿಯಲ್ಲಿ ತಡೆಹಿಡಿದರು. ಇನ್ನು ಸದ್ಯಕ್ಕೆ ಆಸ್ಪತ್ರೆಯಿಂದ ಯಾವ ಕರೆಯೂ ಬರದು. ಇದನ್ನೂ ಅವನು ಮನೆಯಲ್ಲಿ ಹೇಳಲಿಲ್ಲ.

ಆದರೆ ಅಕ್ಕನಿಗೆ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಪಾತ್ರೆ ತೊಳೆಯುತ್ತಿದ್ದವಳು ಒಂದು ಬೆಳಿಗ್ಗೆ ನೊರೆಗೈಯಲ್ಲೇ ಬಂದು ಅವನೆದುರು ನಿಂತಳು.

"ಅಲ್ವೋ, ಕಳ್ಳರು ನಂಬರ್ ಕೇಳ್ತಾರೆ, ದುಡ್ಡು ಕೇಳ್ತಾರೆ. ಏನೂ ತಿನ್ನಬಾರದು ಅಂತ ಯಾಕೆ ಹೇಳ್ತಾರೆ?"

"ಈಗಿನ ಕಳ್ಳರು ಓದಿಕೊಂಡಿರ್ತಾರೆ ಅಕ್ಕ."

"ದುಡ್ಡಿನ ಮಾತೇ ಎತ್ತಲಿಲ್ಲ ಅವಳು."

"ನೀನು ಎತ್ತೋಕೆ ಬಿಟ್ರೆ ತಾನೆ? ನಾನು ಆಸ್ಪತ್ರೇಲಿ ವಿಚಾರಿಸ್ದೆ. ಯಾರೂ ಮಾಡಿಲ್ವಂತೆ."

ಅವಳು ನಂಬಲಿಲ್ಲ. ಹೋಗಿ ತಾನೇ ಕೇಳುವ ಧೈರ್ಯವೂ ಇರಲಿಲ್ಲ; ಹೌದು ಎಂದುಬಿಟ್ಟರೆ? "ನಿಜವಾದ ಫೋನು ಒಂದೇ ಒಂದ್ಸಲ ಬರಲಿ. ಅದು ಹೇಗಿರುತ್ತೆ ಅಂತ ಕೇಳ್ಬೇಕು" ಎನ್ನತೊಡಗಿದಳು. ಫೋನಿನ ಕೆಳಗೆ ಸ್ಟೂಲು ಹಾಕಿಕೊಂಡು ಅಲ್ಲೇ ಕೂತಳು. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದಿರುತ್ತಿತ್ತು. ಕರೆ ಬಂದರೆ ಸಾಕು, ಆಚೆಯವರು ಬಾಯಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು: "ಇದಾನಮ್ಮ, ಇಲ್ಲೇ ಇದಾನೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಂಬರ್ ಬರ್ಕೊಳ್ಳಿ..." ನೋಂದಣಿಯ ಒಂಬತ್ತು ಅಂಕಿಗಳನ್ನೂ ಬಿಡಿಬಿಡಿಯಾಗಿ ಒಪ್ಪಿಸುತ್ತಿದ್ದಳು. ಸೈಟು ಮಾರುವ ಯುವಕನೊಬ್ಬ ಗಾಬರಿಯಾಗಿ, "ಆಂಟಿ, ನಂಗೆ ಇದೆಲ್ಲ ಗೊತ್ತಿಲ್ಲ" ಎಂದರೆ, "ಹೋದ್ಸಲ ಬೈದೆ ಅಂತ ಕೋಪ ಮಾಡ್ಕೋಬೇಡಪ್ಪ, ದೊಡ್ಡೋರಿಗೆ ಒಂದು ಮಾತು ತಿಳಿಸು, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ಕಿಂಡಿಯ ಹಿಂದೆ ಕೂತು ಯಾರಿಗೂ ತಲೆಬಾಗದವಳು. ಒತ್ತುಯಂತ್ರದ ಆಚೆ ದಾರ ಪೋಣಿಸುತ್ತಿದ್ದ ಬೈಂಡರ್‌ಗೆ ಸೂಜಿಯ ಕಣ್ಣು ಕಾಣದಾಯಿತು.

"ಫೋನ್ ತೆಗೆಸಿಬಿಡೋಣ ಅಕ್ಕ."

"ಬಾಯಿ ಮುಚ್ಚು" ಎಂದಳು.

ಕೊನೆಯ ವಾರ ಕಾಲು, ಮುಖ ಊದಿಕೊಂಡವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ಇರುತ್ತಿದ್ದ. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆಂದರೆ ಒಪ್ಪಲಿಲ್ಲ. ಅಕ್ಕ ಎರಡು ದಿನದಿಂದ ಏನನ್ನೂ ತಿಂದಿರಲಿಲ್ಲ. ಕೇಳಿದರೆ, ಬೇಡ ಎಂದು ತಲೆಯಾಡಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಹತ್ತು ದಾಟಿತ್ತು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ಅಕ್ಕ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ಫೋನು ಬಡಿದುಕೊಂಡಿತು. ಅವಳು ಕಣ್ಣು ಬಿಡುವಷ್ಟರಲ್ಲಿ ಬೈಂಡರ್ ಎದ್ದಿದ್ದ. ಮೇಜು, ಒತ್ತುಯಂತ್ರ, ಗೋಡೆ, ಒಂದೊಂದನ್ನೇ ಹಿಡಿದು ಬಂದು ಅವಳ ತಲೆಯ ಮೇಲಿನಿಂದ ಕೈ ಚಾಚಿ ರಿಸೀವರ್ ಎತ್ತಿಕೊಂಡ.

"ಹಲೋ... ಹೌದು, ನಾನೇ ಪೇಷಂಟ್. ಹೇಳಿ ಮೇಡಂ."

ಕಿವಿಗೆ ಬಿಗಿಯಾಗಿ ಒತ್ತಿ ಹಿಡಿದಿದ್ದ. ಆದರೆ ಗದ್ದಲದ ನಡುವೆ ಇಪ್ಪತ್ತೆರಡು ವರ್ಷ ಟಿಕೆಟ್ ಮಾರಿದವಳ ಕಿವಿ ಅದು. ಒಳಗಿನಿಂದ ಬರುತ್ತಿದ್ದ ಸಂಗೀತ ಅವಳಿಗೆ ಕೇಳಿತು. ಮೊದಲೇ ರೆಕಾರ್ಡ್ ಮಾಡಿಟ್ಟ ಹೆಣ್ಣು ಧ್ವನಿ, ಸಾಲಕ್ಕಾಗಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳುತ್ತಿದ್ದುದೂ ಕೇಳಿತು.

"ಓ, ಇದೇ ಮೊದಲನೇ ಸಲಾನಾ?" ಎಂದ ಬೈಂಡರ್. ಉಸಿರಿಗಾಗಿ ನಿಂತ. "ಇದಕ್ಕೆ ಮುಂಚೆ ನೀವು ಯಾವತ್ತೂ ಮಾಡಿಲ್ಲ ಅಲ್ವಾ ಮೇಡಂ? ನಮ್ಮಕ್ಕ ಕೇಳ್ತಾ ಇದ್ಲು... ಇಲ್ಲ ಅಂತೀರಾ. ಸರಿ, ಸರಿ. ಹೆಸರು ಬರೋದು ಇನ್ನೂ ಲೇಟಾಗುತ್ತಾ? ಪರವಾಗಿಲ್ಲ, ಕಾಯ್ತೀವಿ."

ಅಕ್ಕ ಅವನ ಸೊಂಟಕ್ಕೆ ಕೈಕೊಟ್ಟು, ಬೀಳದಂತೆ ಹಿಡಿದುಕೊಂಡು ನಿಂತಿದ್ದಳು. ಆಚೆಯ ಸಂಗೀತ ನಿಂತು ಗೊರಗೊರ ಸದ್ದು ಬಂದ ಮೇಲೂ ಅವನು ಎರಡು ಸಲ "ಥ್ಯಾಂಕ್ಸ್ ಮೇಡಂ" ಎಂದ. ರಿಸೀವರ್ ಇಟ್ಟ.

"ಕೇಳಿಸ್ತಾ?" ಎಂದ.

"ಕೇಳಿಸ್ತು ಕಣೋ" ಎಂದಳು ಅಕ್ಕ.

ಅವನು ಮೊಳೆಯಿಂದ ಕೆಂಪಂಚಿನ ರಟ್ಟನ್ನು ತೆಗೆದು ತಿರುಗಿಸಿದ. ಸ್ಟೂಲಿನ ಮೇಲೆ ಕೂತು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ತಾರೀಖು ಹಾಕಿ, ಗಂಟೆ ಹಾಕಿ, ಪುಸ್ತಕದ ಬೆನ್ನಿಗೆ ಬರೆಯುವಂಥ ದುಂಡು ಅಕ್ಷರದಲ್ಲಿ ಬರೆದ: ‘ಆಸ್ಪತ್ರೆಯಿಂದ ಮೊದಲ ಕರೆ.’